ಚುಕ್ಕಿಗಳು ಮುನಿದ ನಾಲ್ಕು ದಿನ

ನೆಲಮಾಳಿಗೆಯ ಪ್ರಯೋಗಾಲಯದ ಬಾಗಿಲಿಗೆ ಒಂದು ಫಲಕ ತೂಗುಹಾಕಿದೆ. ‘ಊಟ, ತಿಂಡಿ, ಕಾಫಿ ಒಳಗೆ ತರಬಾರದು. ತಂದವರ ಮುಖ ನೋಡುವುದಿಲ್ಲ.’ ಮೊದಲ ಸಾಲು ಸುರಕ್ಷತಾ ವಿಭಾಗದ್ದು. ಎರಡನೆಯದನ್ನು ಸೇರಿಸಿದವರು ತಂತಿಯಮ್ಮ. ಅಕ್ಷರಗಳೂ ಅವರವೇ, ದುಂಡಗೆ, ಅಚ್ಚು ಒತ್ತಿದ ಹಾಗೆ. ಆ ಫಲಕವನ್ನು ಅವರೇ ಎರಡು ತಿಂಗಳು ದಿನಾ ಬೆಳಗ್ಗೆ ಮೀರುತ್ತಿದ್ದರು ಎಂಬುದು ಈಗ ಇಡೀ ಕಟ್ಟಡಕ್ಕೆ ಗೊತ್ತು. ಆದರೂ ಅವರ ಮುಖ ನೋಡದೆ ಹೋದವರು ಯಾರೂ ಇಲ್ಲ.

ತಂತಿಯಮ್ಮನಿಗೆ ಐವತ್ತೇಳು ವರ್ಷ. ಹೆಸರು ಬಂದದ್ದು ಕೆಲಸದಿಂದ. ಕಿರುಬೆರಳಿನ ಉಗುರಿನಷ್ಟಿರುವ ಚಿಪ್‌ನಿಂದ ಅದರ ಸುತ್ತಲಿನ ಚೌಕಟ್ಟಿಗೆ ಚಿನ್ನದ ತಂತಿಗಳನ್ನು ಕೂರಿಸುವುದು ಅವರ ಉದ್ಯೋಗ. ತಂತಿಯ ದಪ್ಪ ತಲೆಗೂದಲಿನ ಮೂರನೇ ಒಂದು ಭಾಗ. ಮಣಿಕಟ್ಟಿಗೆ ನೆಲಕ್ಕೆ ಜೋಡಿಸಿದ ಪಟ್ಟಿ ಕಟ್ಟಿಕೊಂಡು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದು ಉಸಿರು ಬಿಗಿಹಿಡಿದರೆ ಒಂದು ತಂತಿ. ಇಪ್ಪತ್ತನಾಲ್ಕು ತಂತಿಗೆ ಇಪ್ಪತ್ತನಾಲ್ಕು ಉಸಿರು. ಮೈಮೇಲಿನ ಬಟ್ಟೆ ಉಜ್ಜಿ ಹುಟ್ಟುವ ಚೂರು ವಿದ್ಯುತ್ತು ಬೆರಳಿಂದ ಹಾರಿದರೂ ಚಿಪ್ ಸತ್ತುಹೋಗುತ್ತದೆ. ಅದಕ್ಕೇ ಆ ಪಟ್ಟಿ. ತಂತಿಯಮ್ಮ ಅದನ್ನು ‘ಲ್ಯಾಬಿನ ಬಳೆ’ ಎನ್ನುತ್ತಾರೆ.

ಮೂವತ್ತು ವರ್ಷದ ಹಿಂದೆ ಅವರು ಕನ್ನಡಕದ ಅಂಗಡಿಯಲ್ಲಿದ್ದರು. ಒಂದು ದಿನ ಈ ಪ್ರಯೋಗಾಲಯದ ಪ್ರೊಫೆಸರ್, ಆಗ ಅವರಿಗೂ ತಲೆ ತುಂಬ ಕೂದಲಿತ್ತು, ಕಳಚಿಬಿದ್ದ ಕನ್ನಡಕದ ಕಡ್ಡಿ ಹಿಡಿದುಕೊಂಡು ಬಂದರು. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಈ ಹೆಂಗಸು ಚಿಮಟದ ಹಂಗಿಲ್ಲದೆ, ಒದ್ದೆ ಬೆರಳತುದಿಗೆ ಅಂಟಿಸಿಕೊಂಡು ತೂತಿಗೆ ಕೂರಿಸಿದ್ದನ್ನು ಕಂಡು, “ಇದಕ್ಕಿಂತ ಸಣ್ಣದು ತೋರಿಸ್ತೀನಿ, ಬರ್ತೀರಾ?” ಎಂದು ಕೇಳಿದರಂತೆ.

“ಅಷ್ಟು ಹೊತ್ತಿಗೆ ನಮ್ಮ ಅಂಗಡಿ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತಿದ್ರು,” ಎಂದು ತಂತಿಯಮ್ಮ ಈಗಲೂ ನಗುತ್ತಾರೆ.

ಈ ಎರಡು ತಿಂಗಳ ಸಂಗತಿಯಲ್ಲಿ ಅವರ ಜೊತೆಗಿದ್ದವಳು ಗ್ರಾಫು. ಐದು ವರ್ಷದಿಂದ ಸಂಶೋಧನೆ ಮಾಡುತ್ತಿರುವ ಹುಡುಗಿ. ಕಂಕುಳಲ್ಲಿ ಸದಾ ಸುರುಳಿ ಸುತ್ತಿದ ಗ್ರಾಫುಗಳು ಇರುವುದರಿಂದ ಆ ಹೆಸರು. ಅವಳ ಚಿಪ್‌ನ ಮೇಲೆ ಎರಡು ಚುಕ್ಕಿಗಳಿವೆ. ಕಣ್ಣಿಗೆ ಕಾಣುವಂಥವಲ್ಲ. ಎಲೆಕ್ಟ್ರಾನುಗಳನ್ನು ಒಂದು, ಎರಡು ಎಂದು ಎಣಿಸಿ ಕೂರಿಸಬಹುದಾದ ಪುಟ್ಟ ಗುಂಡಿಗಳು. ಎರಡರ ನಡುವೆ ಸಣ್ಣ ದಾರಿ. ಒಂದು ಬದಿಯನ್ನು ಎಳ್ಳಷ್ಟು ಬಿಸಿ ಮಾಡಿದರೆ ಎಲೆಕ್ಟ್ರಾನುಗಳು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಚುಕ್ಕಿ ದಾಟಿ ಹೋಗುತ್ತವೆ, ಅದರಿಂದ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಆದರೆ ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಒಂದು ಗುಣವಿದೆ. ಮೇಲ್ಮುಖ ಅಥವಾ ಕೆಳಮುಖ, ಅದರಲ್ಲಿ ಒಂದು. ಒಂದೇ ಕಡೆ ಮುಖ ಮಾಡಿದ ಎರಡಕ್ಕೆ ಒಂದು ಚುಕ್ಕಿಯಲ್ಲಿ ಜಾಗವಿಲ್ಲ. ಬಿಸಿಯಿಂದ ಹುಟ್ಟುವ ವೋಲ್ಟೇಜಿನ ಮೇಲೆ ಈ ಮುಖದ ಹಟ ಏನು ಮಾಡುತ್ತದೆ ಎಂದು ಅಳೆಯುವುದು ಗ್ರಾಫುವಿನ ಪ್ರಬಂಧ.

ಅವಳು ಇದನ್ನೆಲ್ಲ ಮೊದಲ ಸಲ ವಿವರಿಸಿದಾಗ ತಂತಿಯಮ್ಮ ಪೂರ್ತಿ ಕೇಳಿ, “ಇಷ್ಟೇನಾ? ಓರಗಿತ್ತಿಯರ ಮನೆ ಇದು,” ಎಂದಿದ್ದರು. “ಎರಡು ಅಡುಗೆಮನೆ, ನಡುವೆ ಒಂದು ಬಾಗಿಲು. ಈ ಕಡೆ ಒಲೆ ಹಚ್ಚಿದ್ರೆ ಆ ಕಡೆಗೂ ಕಾವು. ಇಬ್ಬರೂ ಒಂದೇ ಗೋಡೆ ಕಡೆ ಮುಖ ತಿರುಗಿಸಿಕೊಂಡು ನಿಂತ್ರೆ ಮುಗೀತು, ಒಂದು ಕೋಣೇಲಿ ಇಬ್ಬರು ಇರೋಕಾಗಲ್ಲ.”

ಗ್ರಾಫು ಅದನ್ನು ಹಲಗೆಯ ಮೇಲೆ ಬರೆದಳು. ಪ್ರೊಫೆಸರ್ ಓದಿ, ಒರಸುವ ಬಟ್ಟೆ ಎತ್ತಿಕೊಂಡು, ಸ್ವಲ್ಪ ಯೋಚಿಸಿ, ಕೆಳಗಿಟ್ಟರು.

ತಂತಿಯಮ್ಮನಿಗೆ ಆ ಮನೆ ಗೊತ್ತಿತ್ತು, ಏಕೆಂದರೆ ಅವರು ಅದರಲ್ಲೇ ಇದ್ದರು. ಅಣ್ಣತಮ್ಮಂದಿರಿಬ್ಬರು ಒಂದೇ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಾರೆ, ಒಂದೇ ಮನೆಯನ್ನು ಎರಡು ಮಾಡಿಕೊಂಡಿದ್ದಾರೆ. ಅಣ್ಣನ ಹೆಂಡತಿ ತಂತಿಯಮ್ಮ. ತಮ್ಮನ ಹೆಂಡತಿ ಅವರ ಓರಗಿತ್ತಿ, ಐದು ವರ್ಷ ಚಿಕ್ಕವಳು. ಎರಡು ಅಡುಗೆಮನೆಗಳ ನಡುವಿನ ಬಾಗಿಲು ಹನ್ನೊಂದು ವರ್ಷ ಮುಚ್ಚಿತ್ತು. ಕಾರಣ ಒಂದು ಜರಡಿ. ಯಾರು ಯಾರಿಂದ ತಂದದ್ದು, ಯಾರು ಹರಿದದ್ದು ಎಂಬುದು ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಬಾಗಿಲಿಗೆ ಆ ಕಡೆ ಒಂದು ಕಪಾಟು, ಈ ಕಡೆ ಒಂದು ಕಪಾಟು ಒರಗಿ ನಿಂತವು. ಗಂಡಸರು ಮಾತ್ರ ಹಿತ್ತಲಲ್ಲಿ ಕೂತು ಏನೂ ಆಗಿಲ್ಲ ಎಂಬಂತೆ ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು.

ಎರಡು ತಿಂಗಳ ಹಿಂದೆ ತಂತಿಯಮ್ಮನಿಗೆ ಜ್ವರ ಬಂತು. ಮೂರನೇ ದಿನ ಗೋಡೆಯಾಚೆ ಏನೋ ಎಳೆದಾಡಿದ ಸದ್ದು. ಆಮೇಲೆ ಈ ಕಡೆಯ ಕಪಾಟು ತಾನಾಗಿ ಒಂದು ಗೇಣು ಮುಂದೆ ಬಂತು. ಸಂದಿಯಲ್ಲಿ ಓರಗಿತ್ತಿಯ ಮುಖ ಕಾಣಿಸಿತು.

“ಅಕ್ಕಾ, ಹನ್ನೊಂದು ವರ್ಷದಿಂದ ನಿಮ್ಮ ಕೆಮ್ಮು ಕೇಳ್ತಿದ್ದೀನಿ. ಈ ಸಲದ್ದು ಸರಿಯಿಲ್ಲ,” ಎಂದಳು. “ಕಪಾಟು ಪಕ್ಕಕ್ಕೆ ಎಳೀರಿ, ನನ್ನ ಮೈ ಮೊದಲಿನ ಹಾಗಿಲ್ಲ, ಸಂದೀಲಿ ತೂರಲ್ಲ.”

ಜ್ವರ ಬಿಟ್ಟ ಮೇಲೆ ಬಾಗಿಲು ಮತ್ತೆ ಮುಚ್ಚಲಿಲ್ಲ. ತಂತಿಯಮ್ಮ ಕೆಲಸಕ್ಕೆ ಹೊರಟ ಮೊದಲ ದಿನ ಓರಗಿತ್ತಿ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಇಟ್ಟಳು. ಮುಟ್ಟಿದರೆ ಚುರುಕ್ ಎನ್ನುವಷ್ಟು ಬಿಸಿ. ಅಲ್ಲಿಯವರೆಗೆ ತಂತಿಯಮ್ಮ ಊಟಕ್ಕೆ ದಾರಿಯ ಅಂಗಡಿಯಲ್ಲಿ ಬ್ರೆಡ್ಡು ಕಟ್ಟಿಸಿಕೊಳ್ಳುತ್ತಿದ್ದರು. ಅಂದಿನಿಂದ ಡಬ್ಬಿ ತಪ್ಪಿದ್ದು ಅಪರೂಪ.

ಆದರೆ ಇಡುವುದೆಲ್ಲಿ? ಮೇಲಿನ ಊಟದ ಕೋಣೆಗೆ ಅದೇ ವಾರ ಬಣ್ಣ ಹೊಡೆಯಲು ಶುರುಮಾಡಿದ್ದರು. ಬಣ್ಣದವರು ಒಂದು ಗೋಡೆ ಮುಗಿಸಿ ಕಾಣೆಯಾದರು. ಹಾಗಾಗಿ ತಂತಿಯಮ್ಮ ಒಂಬತ್ತು ಗಂಟೆಗೆ ಬಂದವರೇ, ಚೀಲದಿಂದ ಡಬ್ಬಿ ತೆಗೆದು, ತಮ್ಮದೇ ಫಲಕದ ಕೆಳಗೆ ತಲೆ ತಗ್ಗಿಸಿ ದಾಟಿ, ದೊಡ್ಡ ಶೀತಯಂತ್ರದ ಹಿಂಬದಿಗೆ ಹೋಗುತ್ತಿದ್ದರು. ಚಿಪ್ ಕೂತಿರುವುದು ಆ ಯಂತ್ರದ ಹೊಟ್ಟೆಯಲ್ಲಿ, ಇನ್ನು ಇದಕ್ಕಿಂತ ತಣ್ಣಗೆ ಆಗಲಾರದು ಎನ್ನುವ ಅಂಚಿನ ಚಳಿಯಲ್ಲಿ. ಅಲ್ಲಿಂದ ಮೇಲೆ ಬರುವ ಇಪ್ಪತ್ತನಾಲ್ಕು ತಂತಿಗಳು ಸೊಂಟದೆತ್ತರದ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಕೂಡಿ, ಅಳೆಯುವ ಉಪಕರಣಗಳಿಗೆ ಹೋಗುತ್ತವೆ. ಪೆಟ್ಟಿಗೆಯ ಮೇಲ್ಭಾಗ ಸಮತಟ್ಟು, ಸ್ವಚ್ಛ, ಯಾರ ಕಣ್ಣಿಗೂ ಬೀಳದ ಜಾಗ. ಡಬ್ಬಿಯನ್ನು ಅದರ ಎಡತುದಿಗೆ ಇಟ್ಟು, ಮೇಲೊಂದು ಟವೆಲ್ ಹೊದಿಸಿ ಬರುತ್ತಿದ್ದರು.

ಗ್ರಾಫುವಿನ ಅದೃಷ್ಟ ಖುಲಾಯಿಸಿದ್ದು ಆಗಲೇ.

ಶಕ್ತಿಶಾಲಿ ಅಯಸ್ಕಾಂತವೊಂದನ್ನು ಎರಡು ತಂಡಗಳು ಹಂಚಿಕೊಂಡಿದ್ದವು. ಬೆಳಗ್ಗೆ ಇವರದು, ಊಟದ ಮೇಲೆ ಬೇರೆಯವರದು. ಒಂಬತ್ತಕ್ಕೆ ಗ್ರಾಫು ಕಾಂತ ಏರಿಸಿ, ಚಿಪ್‌ನ ಒಂದು ಬದಿಗೆ ಒಂದು ಕ್ಷಣ ಕಾವು ಕೊಟ್ಟು ನಿಲ್ಲಿಸುತ್ತಿದ್ದಳು. ಕಾವು ನಿಂತರೆ ವೋಲ್ಟೇಜೂ ನಿಲ್ಲಬೇಕು. ನಿಲ್ಲಲಿಲ್ಲ. ಒಂಬತ್ತೂವರೆಗೆ ಮೇಲೇರಿತು, ಆಮೇಲೆ ನಿಧಾನವಾಗಿ, ಅವಸರವೇ ಇಲ್ಲದೆ ಇಳಿದು ಹನ್ನೆರಡೂವರೆಗೆ ಸೊನ್ನೆಗೆ ಬಂತು. ಮರುದಿನವೂ ಹಾಗೇ. ಅದರ ಮರುದಿನವೂ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಅರವತ್ತು ಪಾಲು. ಚುಕ್ಕಿಗಳ ಲೆಕ್ಕಕ್ಕೆ ಅದು ಬೆಟ್ಟ.

ಚಿಪ್‌ನೊಳಗಿನ ಪರಮಾಣುಗಳು ಕಾಂತದ ಮುಂದೆ ಮುಖ ತಿರುಗಿಸಿ ನಿಂತು, ಮೂರು ಗಂಟೆ ಅದನ್ನು ಮರೆಯದೆ ಎಲೆಕ್ಟ್ರಾನುಗಳನ್ನು ತಳ್ಳುತ್ತಿವೆ ಎಂದು ಪ್ರೊಫೆಸರ್ ಲೆಕ್ಕ ಹಾಕಿದರು. ಇಷ್ಟು ಉದ್ದದ ನೆನಪು ಯಾರೂ ಕಂಡದ್ದಲ್ಲ. ಗ್ರಾಫು ಆ ವಕ್ರರೇಖೆಯನ್ನು ಬಾಗಿಲಗಲ ಮುದ್ರಿಸಿ ಗೋಡೆಗೆ ಅಂಟಿಸಿದಳು. ಐದು ವರ್ಷದಲ್ಲಿ ಅವಳ ಮೂರು ಚಿಪ್‌ಗಳು ಸತ್ತಿದ್ದವು. ನಾಲ್ಕನೆಯದು ಇದು. ಪ್ರಬಂಧ ಇದೊಂದು ರೇಖೆಯ ಮೇಲೆ ನಿಂತಿತು. ಗುರುವಾರ ಪರೀಕ್ಷಕರು ಬರುವವರಿದ್ದರು.

ಸೋಮವಾರ ಮಧ್ಯಾಹ್ನ ಅವಳು ದಾಖಲೆ ಪುಸ್ತಕವನ್ನು ತಂತಿಯಮ್ಮನ ಮುಂದಿಟ್ಟಳು. “ತಂತಿ ನಂಬರುಗಳು ಸರಿ ಇದೆಯಾ ಒಂದ್ಸಲ ನೋಡಿಕೊಡಿ. ನನ್ನ ಕಣ್ಣಿಗೆ ಈಗ ಏಳೂ ಒಂದೇ, ಒಂದೂ ಒಂದೇ.”

ತಂತಿಯಮ್ಮ ಪುಟ ತಿರುವುತ್ತಾ ಬಂದರು. ಎಲ್ಲ ದಿನವೂ ಅರವತ್ತರ ಆಸುಪಾಸು. ನಾಲ್ಕು ದಿನ ಮಾತ್ರ ಸೊನ್ನೆ. ಆ ಸೊನ್ನೆಗಳ ಮುಂದೆ ಗ್ರಾಫು ಕೆಂಪು ಶಾಯಿಯಲ್ಲಿ ‘ಮುನಿಸು’ ಎಂದು ಬರೆದಿದ್ದಳು.

“ಇದೇನೇ ಮುನಿಸು?”

“ಚುಕ್ಕಿಗಳದ್ದು. ಅವತ್ತು ಎಲ್ಲಾ ಮಾಮೂಲಿ ತರಾನೇ ಮಾಡಿದೀನಿ, ಆದ್ರೂ ಏನೂ ಬಂದಿಲ್ಲ. ಸರ್ ಹೇಳಿದ್ರು, ಇಂಥ ಚಿಪ್‌ಗಳಿಗೆ ಮೂಡ್ ಇರುತ್ತಂತೆ.”

ತಂತಿಯಮ್ಮ ನಕ್ಕರು. ಆಮೇಲೆ ತಾರೀಖು ನೋಡಿದರು. ಹೋದ ತಿಂಗಳ ಆರು, ಏಳು, ಹತ್ತೊಂಬತ್ತು. ಈ ತಿಂಗಳ ಮೂರು.

ಹೋದ ತಿಂಗಳ ಐದನೇ ತಾರೀಖು ಮೈದುನನ ಹುಟ್ಟುಹಬ್ಬ. ನಾಲ್ಕು ಜನ ನೆಂಟರ ಮುಂದೆ ‘ಉಪ್ಪು ಒಂದು ಚೂರು ಕಡಿಮೆ’ ಎಂದು ತಂತಿಯಮ್ಮನ ಬಾಯಿ ಜಾರಿತ್ತು. ಆರು, ಏಳು ಎರಡೂ ದಿನ ಓರಗಿತ್ತಿ ಮಾತು ಬಿಟ್ಟಿದ್ದಳು, ಡಬ್ಬಿ ಇರಲಿಲ್ಲ. ಹತ್ತೊಂಬತ್ತಕ್ಕೆ ನೀರಿನ ಟ್ಯಾಂಕು ತೊಳೆಸುವ ವಿಚಾರಕ್ಕೆ ಮತ್ತೆ ಕೋಪ. ಈ ತಿಂಗಳ ಮೂರಕ್ಕೆ ಅವಳು ಮಗಳ ಮನೆಗೆ ಹೋಗಿದ್ದಳು. ನಾಲ್ಕೂ ದಿನ ತಂತಿಯಮ್ಮ ಬ್ರೆಡ್ಡು ತಿಂದಿದ್ದರು.

ಅವರು ಪುಸ್ತಕದಿಂದ ತಲೆ ಎತ್ತಿ ಗೋಡೆಯ ಮೇಲಿನ ರೇಖೆ ನೋಡಿದರು. ಒಂಬತ್ತೂವರೆಗೆ ತುದಿ. ಹನ್ನೆರಡೂವರೆಗೆ ಸೊನ್ನೆ. ಒಂದು ಗಂಟೆಗೆ ಮುಚ್ಚಳ ತೆಗೆದಾಗ ಊಟ ಯಾವಾಗಲೂ ಆರಿರುತ್ತಿತ್ತು. ಪರಮಾಣುಗಳ ನೆನಪೂ ಅಲ್ಲ, ಮಣ್ಣೂ ಅಲ್ಲ. ಗೋಡೆಗೆ ಅಂಟಿಸಿದ್ದು ಅವರ ಊಟ ಆರುವ ರೇಖೆ.

ಇನ್ನೊಂದು ಸಂಗತಿ ಅವರಿಗೆ ತಕ್ಷಣ ನೆನಪಾಯಿತು, ಅದು ಇದಕ್ಕಿಂತ ಚುಚ್ಚಿತು. ಜ್ವರ ಬರುವ ಹಿಂದಿನ ದಿನ ಪೆಟ್ಟಿಗೆಯೊಳಗೆ ಏಳನೇ ತಂತಿ ತುಂಡಾಗಿತ್ತು. ತಾಮ್ರದ ಸುರುಳಿ ಮುಗಿದಿತ್ತು. ಪಕ್ಕದ ಮೊಳೆಗೆ ತೂಗಿದ್ದ ನಿಕ್ಕಲ್ ಬೆರೆತ ತಂತಿಯಿಂದ ನಾಲ್ಕು ಬೆರಳುದ್ದ ಕತ್ತರಿಸಿ ಬೆಸುಗೆ ಹಾಕಿದ್ದರು. ಎರಡು ಬೇರೆ ಲೋಹ ಸೇರಿದ ಕಡೆ, ಒಂದು ಬೆಸುಗೆ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ, ಅಲ್ಲೇ ವೋಲ್ಟೇಜ್ ಹುಟ್ಟುತ್ತದೆ. ಚಿಪ್ ಬೇಕಿಲ್ಲ, ಚುಕ್ಕಿ ಬೇಕಿಲ್ಲ. ಇದು ಅವರಿಗೆ ಗೊತ್ತಿತ್ತು. ನಾಳೆ ಬದಲಾಯಿಸಿದರಾಯಿತು ಎಂದುಕೊಂಡಿದ್ದರು. ನಾಳೆ ಜ್ವರ ಬಂತು.

“ನಂಬರ್ ಸರಿ ಇದೆಯಾ?” ಗ್ರಾಫು ಕೇಳಿದಳು.

“ನಂಬರ್ ಸರಿ ಇದೆ,” ಎಂದರು ತಂತಿಯಮ್ಮ. ಆ ದಿನ ಅಷ್ಟೇ ಹೇಳಲು ಆಯಿತು.

ಸಂಜೆ ಅವರು ಡಬ್ಬಿ ತೊಳೆದು ಒರಸಿ, ಒರಸಿದ್ದನ್ನೇ ಒರಸುತ್ತಾ ನಿಂತಿದ್ದರು. ಓರಗಿತ್ತಿ ಬಾಗಿಲಲ್ಲಿ ನಿಂತು ನೋಡಿದಳು. “ಏನಕ್ಕಾ, ಡಬ್ಬೀಲಿ ಮುಖ ನೋಡಿಕೊಳ್ತಿದ್ದೀರಾ?”

ತಂತಿಯಮ್ಮ ಎಲ್ಲವನ್ನೂ ಹೇಳಿದರು. ಓರಗಿತ್ತಿ ಕೇಳುತ್ತಾ ಕೇಳುತ್ತಾ ಸೊಂಟದ ಮೇಲೆ ಕೈಯಿಟ್ಟಳು.

“ಅಂದ್ರೆ ನನ್ನ ಅಡುಗೆ ಆ ಹುಡುಗಿ ಓದು ಕೆಡಿಸ್ತು ಅಂತಾನಾ ನೀವು ಹೇಳೋದು?”

“ಅಡುಗೆ ಅಲ್ಲ ಕಣೇ, ಬಿಸಿ.”

“ಬಿಸಿ ಇಲ್ದೆ ಅಡುಗೆ ಏನು? ತಣ್ಣಗಿದ್ರೆ ಇಳಿಯಲ್ಲ ಅಂತೀರಿ, ಬಿಸಿ ಇದ್ರೆ ಲ್ಯಾಬ್ ಕೆಡುತ್ತೆ ಅಂತೀರಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಹೇಳ್ದೆ ಇದ್ರೆ?”

“ಯಾರಿಗೂ ಗೊತ್ತಾಗಲ್ಲ. ನಾಳೆಯಿಂದ ಡಬ್ಬಿ ಬೇರೆ ಕಡೆ ಇಟ್ಟರೆ ಚುಕ್ಕಿಗಳು ಶಾಶ್ವತವಾಗಿ ಮುನಿಸಿಕೊಂಡವು ಅಂತ ಬರ್ಕೊಳ್ತಾರೆ. ಅವಳಿಗೆ ಡಾಕ್ಟರೇಟ್ ಬರುತ್ತೆ.”

“ಆಮೇಲೆ?”

“ಆಮೇಲೆ ಎಲ್ಲೋ ಯಾರೋ ಅದೇ ಪ್ರಯೋಗ ಮಾಡ್ತಾರೆ. ಅವರ ಹತ್ರ ನೀನು ಇರಲ್ವಲ್ಲ. ಏನೂ ಬರಲ್ಲ. ಎಲ್ಲಾ ಇವಳನ್ನೇ ಸುಳ್ಳಿ ಅಂತಾರೆ.”

ಓರಗಿತ್ತಿ ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡಳು. “ಹಾಗಾದ್ರೆ ಯಾಕೆ ನನ್ನ ಕೇಳ್ತೀರಿ? ನಿಮಗೆ ಆಗಲೇ ಗೊತ್ತಿದೆ.” ಒಳಗೆ ಹೋಗುತ್ತಾ ಸೇರಿಸಿದಳು, “ನಾಳೆ ಎಷ್ಟು ಬಿಸಿ ಬೇಕು ಹೇಳಿ.”

ಮಂಗಳವಾರ ಒಂಬತ್ತಕ್ಕೆ ತಂತಿಯಮ್ಮ ಫಲಕದ ಕೆಳಗೆ ತಲೆ ಎತ್ತಿಯೇ ಒಳಗೆ ಬಂದರು. ಡಬ್ಬಿ ಎದೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ. ಗ್ರಾಫು ಪರದೆಯ ಮುಂದೆ ಕೂತಿದ್ದಳು.

“ಕಾಂತ ಹಚ್ಚಬೇಡ. ಕಾವೂ ಕೊಡಬೇಡ. ಸುಮ್ಮನೆ ಗೆರೆ ನೋಡ್ತಿರು,” ಎಂದರು. ಹಿಂಬದಿಗೆ ಹೋಗಿ ಡಬ್ಬಿಯನ್ನು ಪೆಟ್ಟಿಗೆಯ ಎಡತುದಿಗೆ ಇಟ್ಟರು.

ಐದು ನಿಮಿಷ ಏನೂ ಇಲ್ಲ. ಆಮೇಲೆ ಪರದೆಯ ಮೇಲಿನ ಗೆರೆ ತಲೆ ಎತ್ತಿತು. ಹತ್ತು, ಇಪ್ಪತ್ತು, ನಲವತ್ತು. ತಂತಿಯಮ್ಮ ಡಬ್ಬಿ ಎತ್ತಿ ಕೈಯಲ್ಲಿ ಹಿಡಿದರು. ಗೆರೆ ನಿಂತಿತು, ಬಾಗಿತು, ಇಳಿಯತೊಡಗಿತು. ಮತ್ತೆ ಇಟ್ಟರು. ಮತ್ತೆ ಏರಿತು.

ಗ್ರಾಫು ಎದ್ದು ಯಂತ್ರದ ಹಿಂದೆ ಬಂದಳು. ಡಬ್ಬಿ ನೋಡಿದಳು, ತಂತಿಯಮ್ಮನನ್ನು ನೋಡಿದಳು.

“ಒಳಗೇನಿದೆ?” ಎಂದಳು.

“ಊಟ.”

“ಡಬ್ಬಿ ಒಳಗಲ್ಲ ಅಮ್ಮಾ, ಪೆಟ್ಟಿಗೆ ಒಳಗೆ!”

ತಂತಿಯಮ್ಮ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಏಳನೇ ತಂತಿಯ ಮೇಲೆ ಒಂದು ಚೂರು ಅಂಟುಪಟ್ಟಿ. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ‘ತಾತ್ಕಾಲಿಕ’.

ಗ್ರಾಫು ಅದನ್ನು ಓದಿ ಹೊರಗೆ ಹೋದಳು. ಕಾರಿಡಾರಿನ ತುದಿಯವರೆಗೆ ಹೆಜ್ಜೆ ಸದ್ದು ಕೇಳಿಸಿತು, ಅಲ್ಲಿ ನಿಂತಿತು. ತಂತಿಯಮ್ಮ ಹಿಂದೆ ಹೋಗಲಿಲ್ಲ. ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟು, ಹೊಸ ತಾಮ್ರದ ಸುರುಳಿಯಿಂದ ನಾಲ್ಕು ಬೆರಳುದ್ದ ಅಳೆದು, ಕತ್ತರಿಸದೆ ಕಾದರು. ಮೂವತ್ತು ವರ್ಷದಲ್ಲಿ ಅವರ ಕೈಯಿಂದ ದಾಟಿದ ತಂತಿಗಳೆಷ್ಟೋ. ಈ ಒಂದಕ್ಕೆ ಮಾತ್ರ ಅವರಿಗೆ ಉಸಿರು ಹಿಡಿಯಲು ಆಗುತ್ತಿರಲಿಲ್ಲ.

ಕಾಲು ಗಂಟೆಯ ಮೇಲೆ ಅವಳು ಮುಖ ತೊಳೆದುಕೊಂಡು ಬಂದಳು.

“ನೀವು ಹೇಳ್ದೆ ಇರಬಹುದಿತ್ತು.”

“ಇರಬಹುದಿತ್ತು.”

“ಎಷ್ಟು ಸಿಟ್ಟು ಬಂದಿದೆ ಗೊತ್ತಾ ನಿಮ್ಮ ಮೇಲೆ?”

“ಬರಲಿ. ಎಷ್ಟು ದಿನ ಬೇಕಾದ್ರೂ ಬರಲಿ. ನಮ್ಮ ಮನೇಲಿ ಹನ್ನೊಂದು ವರ್ಷದ ದಾಖಲೆ ಇದೆ.”

ಗ್ರಾಫುವಿಗೆ ನಗು ಬರಬಾರದಿತ್ತು, ಬಂತು. ಮೂಗು ಒರಸಿಕೊಂಡು, “ಕತ್ತರಿಸಿ,” ಎಂದಳು. “ನಾನು ದೀಪ ಹಿಡೀತೀನಿ.”

ಬುಧವಾರ ಓರಗಿತ್ತಿ ಕೊಟ್ಟ ಡಬ್ಬಿಯನ್ನು ಎರಡು ಟವೆಲ್ ಇಲ್ಲದೆ ಹಿಡಿಯಲಾಗುತ್ತಿರಲಿಲ್ಲ. “ಪರೀಕ್ಷೆ ನಿಮಗೋ ನನಗೋ?” ಎಂದು ಕೇಳಿ ಕಳಿಸಿದ್ದಳು. ತಂತಿಯಮ್ಮ ಅದನ್ನು ಪೆಟ್ಟಿಗೆಯ ಎಡತುದಿಗೆ, ಹಳೆಯ ಗುರುತಿನ ಮೇಲೇ ಇಟ್ಟರು. ಪೂರ್ತಿ ತಾಮ್ರದ ಏಳನೇ ತಂತಿ ಒಳಗಿತ್ತು. ಇಬ್ಬರೂ ಪರದೆಯ ಮುಂದೆ ಕೂತರು. ಐದು ನಿಮಿಷ. ಹತ್ತು. ಅರ್ಧ ಗಂಟೆ. ಗೆರೆ ಕದಲಲಿಲ್ಲ. ಸಂಶೋಧನೆಗೆ ಬಂದ ಮೇಲೆ ಏನೂ ಆಗದೆ ಇದ್ದದ್ದಕ್ಕೆ ಗ್ರಾಫು ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಆಮೇಲೆ ಅವಳು ಚಿಪ್‌ಗೆ ಕಾವು ಕೊಟ್ಟಳು. ಗೆರೆ ನಾಲ್ಕು ಪಾಲು ಏರಿತು. ಅರವತ್ತಲ್ಲ, ನಾಲ್ಕು. ಕಾವು ನಿಲ್ಲಿಸಿದಳು, ಇಳಿಯಿತು. ಎಲೆಕ್ಟ್ರಾನನ್ನು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸರಿಸಿದಳು, ಅದೇ ನಾಲ್ಕು ತಲೆಕೆಳಗಾಯಿತು. ಕಾಂತ ಏರಿಸಿ ಎಲ್ಲದರ ಮುಖವನ್ನೂ ಒಂದೇ ಕಡೆ ತಿರುಗಿಸಿದಾಗ ನಾಲ್ಕು ಕುಗ್ಗಿ ಅರ್ಧಕ್ಕೂ ಕಡಿಮೆಯಾಯಿತು.

“ಇದು ಯಾರದ್ದು?” ತಂತಿಯಮ್ಮ ಮೆಲ್ಲಗೆ ಕೇಳಿದರು.

“ಇದು ಅವರದ್ದೇ,” ಎಂದಳು ಗ್ರಾಫು. “ಓರಗಿತ್ತಿಯರದ್ದು. ಇಷ್ಟು ದಿನ ನಿಮ್ಮ ಊಟದ ಕೆಳಗೆ ಮುಚ್ಚಿಹೋಗಿತ್ತು.”

ಗುರುವಾರ ಅವಳು ಪರೀಕ್ಷಕರ ಮುಂದೆ ಮೊದಲು ತೋರಿಸಿದ್ದು ಬಾಗಿಲಗಲದ ಆ ರೇಖೆಯನ್ನೇ. ಅದು ಏನು, ಯಾರ ಡಬ್ಬಿ, ಯಾವ ನಾಲ್ಕು ದಿನ, ಎಲ್ಲವನ್ನೂ ಹೇಳಿದಳು. ಒಬ್ಬ ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ನಾಲ್ಕು ಪಾಲಿನ ಸಣ್ಣ ಗೆರೆಯನ್ನು ನೂರು ಸಲ ಅಳೆದು ತರಬೇಕು, ಅಲ್ಲಿಯವರೆಗೆ ಸಹಿ ಇಲ್ಲ ಎಂದರು. ಅದಕ್ಕೆ ಐದು ತಿಂಗಳು ಹಿಡಿಯುತ್ತದೆ ಎಂದು ಗ್ರಾಫು ಅಂದಾಜಿಸಿದ್ದಾಳೆ. ಅಂದಾಜಿನಲ್ಲಿ ಅವಳು ಯಾವಾಗಲೂ ಸ್ವಲ್ಪ ಧಾರಾಳಿ.

ಪ್ರೊಫೆಸರ್ ಎಲ್ಲರೂ ಹೋದ ಮೇಲೆ ಬಾಗಿಲ ಫಲಕದ ಮುಂದೆ ಕೈಕಟ್ಟಿ ನಿಂತರು.

“ಇದು ಬರೆದವರು ಯಾರು?”

“ನಾನೇ,” ಎಂದರು ತಂತಿಯಮ್ಮ.

“ಅಕ್ಷರ ಚೆನ್ನಾಗಿದೆ,” ಎಂದು ಹೇಳಿ ಅವರು ಮೆಟ್ಟಿಲು ಹತ್ತಿದರು. ಮರುದಿನ ಬಣ್ಣದವರಿಗೆ ಫೋನ್ ಹೋಯಿತು. ಊಟದ ಕೋಣೆ ಒಂದೇ ವಾರದಲ್ಲಿ ತೆರೆಯಿತು.

ದಾಖಲೆ ಪುಸ್ತಕದಲ್ಲಿ ಈಗ ಒಂದು ಹೊಸ ಅಂಕಣವಿದೆ. ಕಾಂತ, ಕಾವು, ವೋಲ್ಟೇಜುಗಳ ಪಕ್ಕದಲ್ಲಿ ‘ಊಟ’. ಡಬ್ಬಿ ಈಗ ಮೇಲಿನ ಕೋಣೆಯಲ್ಲೇ ಇರುತ್ತದೆ, ಗೆರೆಗೂ ಅದಕ್ಕೂ ಸಂಬಂಧ ಉಳಿದಿಲ್ಲ. ಆದರೂ ಗ್ರಾಫು ಬಿಡುವುದಿಲ್ಲ. ದಿನಾ ಬೆಳಗ್ಗೆ ಕೇಳಿ ಬರೆದುಕೊಳ್ಳುತ್ತಾಳೆ: ಬಿಸಿ, ಬಿಸಿ, ಬಿಸಿ. ಮೊನ್ನೆ ಒಂದು ದಿನ ತಂತಿಯಮ್ಮ ಮುಖ ಆಚೆ ತಿರುಗಿಸಿ “ಬ್ರೆಡ್ಡು” ಎಂದರು.

ಅವಳು ಪೆನ್ನು ಕೆಳಗಿಟ್ಟಳು. “ಏನಂದ್ರಿ ಅವರಿಗೆ?”

“ಏನೂ ಇಲ್ಲ. ಆ ಸೀರೆ ನಿನ್ನ ಬಣ್ಣಕ್ಕೆ ಒಪ್ಪಲ್ಲ ಅಂದೆ.”

“ಅಮ್ಮಾ.”

“ನಿಜ ತಾನೇ ಹೇಳಿದ್ದು.”

“ಈಗಲೇ ಫೋನ್ ಮಾಡಿ,” ಎಂದಳು ಗ್ರಾಫು. “ನಾನು ‘ಮುನಿಸು’ ಅಂತ ಮತ್ತೆ ಬರೆಯಲ್ಲ.”

ತಂತಿಯಮ್ಮ ಲ್ಯಾಬಿನ ಬಳೆ ಬಿಚ್ಚಿಟ್ಟು, ಫೋನ್ ಹಿಡಿದು ಕಾರಿಡಾರಿಗೆ ಹೋದರು. ಒಳಗಿನವರಿಗೆ ಕೇಳಿಸಿದ್ದು ಇಷ್ಟು: “ಹೂಂ… ಒಪ್ಪುತ್ತೆ… ಇಲ್ಲ ಕಣೇ, ನಿಜವಾಗ್ಲೂ ಒಪ್ಪುತ್ತೆ.” ಆ ದಿನದ ಅಂಕಣ ಮಧ್ಯಾಹ್ನದವರೆಗೂ ಖಾಲಿಯಿತ್ತು. ಹನ್ನೆರಡೂ ಮುಕ್ಕಾಲಿಗೆ, ಏದುಸಿರು ಬಿಡುತ್ತಾ, ಒಪ್ಪದ ಬಣ್ಣದ ಸೀರೆಯುಟ್ಟ ಹೆಂಗಸೊಬ್ಬಳು ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದು, ಫಲಕವನ್ನು ಪೂರ್ತಿ ಓದಿ, ಹೊಸ್ತಿಲಾಚೆಯೇ ನಿಂತು, “ಅಕ್ಕಾ, ಹೊರಗೆ ಬನ್ನಿ,” ಎಂದು ಕೂಗಿದಳು. ಗ್ರಾಫು ಪುಸ್ತಕ ಎಳೆದುಕೊಂಡು ‘ಬಿಸಿ’ ಎಂದು ಬರೆದಳು.